ನಾಲ್ಕು ಹೆಜ್ಜೆ ಆಚೆಯ ಮೇಜು

ಪಟ್ಟಾಭಿರಾಮಯ್ಯನವರು ಇಪ್ಪತ್ತಮೂರು ವರ್ಷ ಸರ್ಕಾರಿ ನೌಕರಿ ಮಾಡಿದರು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಫೈಲನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಮ್ಮ ಕೈಯಾರೆ ಎತ್ತಿಕೊಂಡು ಹೋಗಿರಲಿಲ್ಲ. ಇದು ಅವರ ಮೇಲಿನ ದೂರಲ್ಲ. ಅವರ ಕಚೇರಿಯಲ್ಲಿ ಯಾವ ಗುಮಾಸ್ತನೂ ಎತ್ತುತ್ತಿರಲಿಲ್ಲ. ಗುಮಾಸ್ತನಾದವನು ಟಿಪ್ಪಣಿ ಬರೆಯಬೇಕು, ಕೆಳಗೆ ಸಹಿ ಹಾಕಬೇಕು, ದಾರ ಕಟ್ಟಬೇಕು, ಮೇಜಿನ ಎಡಗಡೆಯ ಟ್ರೇಯಲ್ಲಿಟ್ಟು ಗಂಟೆ ಬಾರಿಸಬೇಕು. ಅಲ್ಲಿಂದ ಮುಂದಿನದು ಜವಾನನ ಕೆಲಸ. ಇಲಾಖೆಯ ಹೆಸರು ಬೇಡ. ತುಮಕೂರು ರಸ್ತೆಯ ಮಗ್ಗುಲಲ್ಲಿ, ಪೀಣ್ಯದ ಶೆಡ್ಡುಗಳು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಬಾಡಿಗೆ ಕಟ್ಟಡವೊಂದರ ಮಹಡಿಯಲ್ಲಿ ಆ ಕಚೇರಿ ಇತ್ತು ಎಂದರೆ ಸಾಕು.

ಅವರ ಮೇಜಿಗೂ ಸೂಪರಿಂಟೆಂಡೆಂಟ್ ರಾಮಾಂಜಿನಪ್ಪನವರ ಮೇಜಿಗೂ ನಡುವೆ ನಾಲ್ಕು ಹೆಜ್ಜೆ. ಒಮ್ಮೆ ಜವಾನ ಮುನಿಯಣ್ಣ ನಾದಿನಿಯ ಮದುವೆಯೆಂದು ಐದು ದಿನ ರಜೆ ಹಾಕಿದ. ಆ ಐದು ದಿನವೂ ಒಂದು ತುರ್ತು ಫೈಲು ಪಟ್ಟಾಭಿರಾಮಯ್ಯನವರ ಟ್ರೇಯಲ್ಲೇ ಕೂತಿತ್ತು. ರಾಮಾಂಜಿನಪ್ಪನವರು ಕೂತಲ್ಲಿಂದಲೇ "ಆ ಫೈಲು ರೆಡಿ ಆಯ್ತೇನ್ರೀ?" ಎಂದು ಕೇಳುವರು. "ಆಗಿದೆ ಸಾರ್, ಇಲ್ಲೇ ಇದೆ" ಎಂದು ಇವರು ಕೂತಲ್ಲಿಂದಲೇ ಹೇಳುವರು. ಇಬ್ಬರೂ ಅದನ್ನು ನೋಡುವರು, ಇಬ್ಬರೂ ಮುನಿಯಣ್ಣನ ದಾರಿ ಕಾಯುವರು. ಈ ಕಥೆಯನ್ನು ಪಟ್ಟಾಭಿರಾಮಯ್ಯನವರು ಊಟಕ್ಕೆ ಕೂತಾಗ ಎರಡೂ ದನಿಗಳಲ್ಲಿ ಅಭಿನಯಿಸಿ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವರ ಒಬ್ಬಳೇ ಮಗಳು ಊರ್ಮಿಳಾ.

ಎಂಬತ್ತೊಂದನೇ ಇಸವಿಯ ಅಕ್ಟೋಬರಿನಲ್ಲಿ ಪಟ್ಟಾಭಿರಾಮಯ್ಯನವರು ಆಫೀಸಿಗೆ ಹೊರಟು ಬಸ್ ಸ್ಟಾಪಿನಲ್ಲಿ ನಿಂತವರು ಹಾಗೆಯೇ ಕುಸಿದರು. ಬಸ್ಸು ಬರುವ ಹೊತ್ತಿಗೆ ಜೀವವಿರಲಿಲ್ಲ. ಐವತ್ತು ಇನ್ನೂ ತುಂಬಿರಲಿಲ್ಲ. ನೌಕರಿಯಲ್ಲಿರುವಾಗಲೇ ತೀರಿಕೊಂಡವರ ಮನೆಯಲ್ಲಿ ಒಬ್ಬರಿಗೆ ಸರ್ಕಾರ ಅನುಕಂಪದ ಮೇಲೆ ಕೆಲಸ ಕೊಡುತ್ತದೆ ಎಂದು ಹದಿಮೂರನೆಯ ದಿನ ಮುಗಿಯುವುದರೊಳಗೆ ಐದಾರು ಜನ ಬಂದು ಹೇಳಿದರು. ಊರ್ಮಿಳಾ ಪಿಯುಸಿ ಪಾಸಾಗಿದ್ದಳು, ಟೈಪಿಂಗ್‌ನಲ್ಲಿ ಜೂನಿಯರ್ ಮುಗಿಸಿದ್ದಳು. ಗುಮಾಸ್ತರ ಕೆಲಸಕ್ಕೆ ಎಸ್ಸೆಸ್ಸೆಲ್ಸಿಯೇ ಸಾಕಿತ್ತು. ನವೆಂಬರಿನಲ್ಲಿ ಅರ್ಜಿ ಕೊಟ್ಟಳು. "ನಿಮ್ಮಪ್ಪನ ಜಾಗ ಖಾಲಿ ಇದೆಯಲ್ಲಮ್ಮ, ಅಲ್ಲಿಗೇ ಬರ್ತೀಯ ಬಿಡು" ಎಂದು ಆಫೀಸಿನವರೆಲ್ಲ ಧೈರ್ಯ ಹೇಳಿ ಕಳಿಸಿದರು. ಅವಳು ನಂಬಿದಳು.

ನಂಬಿಕೊಂಡು ಎಂಟು ತಿಂಗಳು ಕಾದಳು. ಕಾಯುತ್ತಲೇ ಪೀಣ್ಯದ ಒಂದು ಶೆಡ್ಡಿನಲ್ಲಿ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರಿದಳು. ದಿನಗೂಲಿ. ಕರೆಂಟ್ ಇದ್ದ ದಿನ ಕೆಲಸ, ಇಲ್ಲದ ದಿನ ಮನೆ. ಲಗ್ಗೆರೆಯ ಬಾಡಿಗೆ ಮನೆಯಿಂದ ನಡೆದೇ ಹೋಗುತ್ತಿದ್ದಳು. ದಾರಿಯ ಎಡಕ್ಕೆ ಇನ್ನೂ ರಾಗಿ ಹೊಲ, ಬಲಕ್ಕೆ ಆಗಲೇ ತುಕ್ಕಿನ ಬಣ್ಣ ಮೆತ್ತಿಕೊಂಡ ಗೋಡೆಗಳು. ಇದೆಲ್ಲ ನಾಲ್ಕು ದಿನದ ಮಾತು, ಆರ್ಡರ್ ಬಂದ ಕೂಡಲೇ ಬಿಟ್ಟುಬಿಡುತ್ತೇನೆ ಎಂದು ಶೆಡ್ಡಿನಲ್ಲಿ ಯಾರ ಸ್ನೇಹವನ್ನೂ ಮಾಡಿಕೊಂಡಿರಲಿಲ್ಲ.

ಜುಲೈ ಮೊದಲ ವಾರ ರಿಜಿಸ್ಟರ್ಡ್ ಅಂಚೆಯಲ್ಲಿ ಕಾಗದ ಬಂತು. ಅದರಲ್ಲಿದ್ದದ್ದು ಇಷ್ಟು: ಗುಮಾಸ್ತರ ಹುದ್ದೆಯನ್ನು ಸದ್ಯಕ್ಕೆ ತುಂಬುವಂತಿಲ್ಲ. ಅದೇ ಕಚೇರಿಯಲ್ಲಿ ಡಿ ದರ್ಜೆಯ ಹುದ್ದೆ, ಅಂದರೆ ಜವಾನರದು, ಒಂದು ಖಾಲಿಯಿದೆ. ಒಪ್ಪಿಗೆಯಿದ್ದರೆ ಹದಿನೈದು ದಿನದೊಳಗೆ ಬರೆದುಕೊಡತಕ್ಕದ್ದು. ಒಮ್ಮೆ ಒಪ್ಪಿದ ಮೇಲೆ ಅನುಕಂಪದ ಮೇಲೆ ಬೇರೆ ಹುದ್ದೆ ಕೇಳುವ ಹಕ್ಕಿರುವುದಿಲ್ಲ. ಒಪ್ಪದಿದ್ದರೆ ಗುಮಾಸ್ತರ ಕಾಯುವ ಪಟ್ಟಿಯಲ್ಲಿ ಹೆಸರು ಸೇರಿಸಲಾಗುವುದು. ಆ ಸರದಿ ಯಾವಾಗ ಬರುತ್ತದೆ ಎಂಬ ಬಗ್ಗೆ ಕಾಗದ ತುಟಿ ಪಿಟಕ್ಕೆನ್ನಲಿಲ್ಲ.

ಮುನಿಯಣ್ಣ ಜನವರಿಯಲ್ಲಿ ರಿಟೈರ್ ಆಗಿದ್ದ. ಖಾಲಿಯಾಗಿದ್ದದ್ದು ಅವನ ಸ್ಟೂಲು.

ಊರ್ಮಿಳಾ ಕಾಗದವನ್ನು ನಿಂತು ಓದಿದಳು, ಕೂತು ಓದಿದಳು, ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಇನ್ನೊಮ್ಮೆ ಓದಿದಳು. ಎಲ್ಲಿ ಓದಿದರೂ ಅದೇ ಇತ್ತು. ಅವತ್ತಿನಿಂದ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಅನ್ನಕ್ಕಿಟ್ಟು ಬೀದಿಗೆ ಬರುವಳು, ಬೀದಿಯಲ್ಲಿ ಏನೂ ಕೆಲಸವಿಲ್ಲವೆಂದು ಒಳಗೆ ಹೋಗುವಳು. ತೊಳೆದ ಪಾತ್ರೆಯನ್ನೇ ತೊಳೆಯುವಳು. ಹಾಸಿಗೆಯಲ್ಲಿ ಆ ಮಗ್ಗುಲಿಗೆ ತಿರುಗಿದರೆ ಒಪ್ಪಿಬಿಡೋಣ ಅನ್ನಿಸುತ್ತಿತ್ತು, ಈ ಮಗ್ಗುಲಿಗೆ ತಿರುಗಿದರೆ ಛೀ ಅನ್ನಿಸುತ್ತಿತ್ತು.

ಕೆಲಸದ ಭಯವಿರಲಿಲ್ಲ. ಅವಳನ್ನು ಕಾಡುತ್ತಿದ್ದದ್ದು ಆಫೀಸಿನ ಆ ಹಜಾರ. ಆಯುಧಪೂಜೆಯ ದಿನ ಅಪ್ಪ ಅವಳನ್ನು ಆಫೀಸಿಗೆ ಕರೆದುಕೊಂಡು ಹೋಗುತ್ತಿದ್ದರು. ಜರಿ ಲಂಗ ಉಟ್ಟು ಅಪ್ಪನ ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತಿದ್ದಳು. ಮುನಿಯಣ್ಣ ಪುರಿ, ಕಡಲೆ, ಬಾಳೆಹಣ್ಣಿನ ಪೊಟ್ಟಣವನ್ನು ಮೊದಲು ಅವಳಿಗೆ ತಂದುಕೊಟ್ಟು ಆಮೇಲೆ ಮಿಕ್ಕವರಿಗೆ ಹಂಚುತ್ತಿದ್ದ. ಈಗ ಅದೇ ಹಜಾರದಲ್ಲಿ ಪೊಟ್ಟಣ ಹಂಚುವವಳು ತಾನು. ಅಪ್ಪನ ಜೊತೆಗಿದ್ದವರ ಮೇಜು ಒರೆಸುವವಳು ತಾನು. ಅವರು ಗಂಟೆ ಬಾರಿಸಿದರೆ ಎದ್ದು ಹೋಗುವವಳು ತಾನು.

ಭಾನುವಾರ ಸೋದರಮಾವ ದ್ವಾರಕಾನಾಥ ಬಂದ. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ಮೇಲ್ವಿಚಾರಣೆಯ ಚಾರ್ಜ್‌ಮನ್. ಕ್ವಾರ್ಟರ್ಸು, ಕ್ಯಾಂಟೀನು, ಕಾರ್ಖಾನೆಯ ಬಸ್ಸು, ವರ್ಷಕ್ಕೊಮ್ಮೆ ಬೋನಸ್ಸು, ಇವಿಷ್ಟು ಇದ್ದ ಮನುಷ್ಯನಿಗೆ ಲೋಕದ ಸಮಸ್ಯೆಗಳೆಲ್ಲ ಸುಲಭವಾಗಿ ಕಾಣುತ್ತವೆ. ಕಾಗದ ಓದಿದವನೇ ಮಡಿಸಿ ಟೀಪಾಯಿಯ ಮೇಲೆಸೆದ.

"ಹರಿದು ಹಾಕು ಇದನ್ನ," ಎಂದ. "ನಮ್ಮ ಮನೆತನದಲ್ಲಿ ಇನ್ನೊಬ್ಬರ ಎಂಜಲು ಲೋಟ ತೊಳೆದೋರು ಯಾರಾದ್ರೂ ಇದ್ದಾರೇನೆ?"

"ನಾನಿದೀನಲ್ಲೋ," ಎಂದಳು ಅಮ್ಮ ಭಾನುಮತಿ ಅಡುಗೆಮನೆಯಿಂದ. "ನೀನು ಈಗ ಕುಡಿದಿಟ್ಟ ಲೋಟಾನೇ ತೊಳೀತಿದೀನಿ."

"ಅದು ಬೇರೆ ಅಕ್ಕ."

"ಹೇಗೆ ಬೇರೆ ಅಂತ ಹೇಳು, ಕೇಳ್ತೀನಿ."

ದ್ವಾರಕಾನಾಥ ಅಕ್ಕನ ಮಗಳ ಕಡೆ ತಿರುಗಿದ. "ನೋಡು ಊರ್ಮಿಳಾ, ನಾನು ಗಂಡು ನೋಡ್ತಾ ಇದೀನಿ. ಹುಡುಗಿ ಏನು ಮಾಡ್ತಾಳೆ ಅಂತ ಕೇಳಿದ್ರೆ ಪ್ಯೂನು ಅಂತ ಹೇಳ್ಲಾ? ಕ್ಲಾರ್ಕ್ ಪೋಸ್ಟು ಇವತ್ತಲ್ಲ ನಾಳೆ ಬರುತ್ತೆ. ಇಲ್ದಿದ್ರೆ ನಮ್ಮ ಫ್ಯಾಕ್ಟ್ರೀಲಿ ಅಸೆಂಬ್ಲಿಗೆ ಹೆಣ್ಮಕ್ಕಳನ್ನ ತಗೋತಾರೆ, ಹೇಳಿಟ್ಟಿದೀನಿ."

"ಎರಡು ವರ್ಷದಿಂದ ಹೇಳಿಟ್ಟಿದೀರ ಮಾಮ."

"ಹೇಳಿಟ್ಟಿದೀನಿ ಅಂದ್ರೆ ಆಗೋಯ್ತು ಅಂತಲ್ಲ ಕಣೆ. ಕಾಯ್ಬೇಕು."

ಕಾಯಬೇಕು. ಆ ಮಾತು ಬಂದ ಕೂಡಲೇ ಊರ್ಮಿಳಾ ಎದ್ದು ಹಿತ್ತಲಿಗೆ ಹೋದಳು. ಮಾವನ ಮಾತು ತಪ್ಪೆಂದು ಅವಳಿಗೂ ಅನ್ನಿಸಿರಲಿಲ್ಲ, ಅದೇ ಕಷ್ಟ. ಅಪ್ಪ ಕೂತಿದ್ದ ಕುರ್ಚಿಗೆ ತಾನು ಹಕ್ಕುದಾರಳು. ಅವಸರಪಟ್ಟು ಸ್ಟೂಲಿಗೆ ಸಹಿ ಹಾಕಿಬಿಟ್ಟರೆ ಆ ಕುರ್ಚಿಗೆ ಎಳ್ಳುನೀರು ಬಿಟ್ಟ ಹಾಗೆ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಹಲ್ಲು ಕಚ್ಚಿದರೆ ಮರ್ಯಾದೆಯ ಕೆಲಸ ಸಿಕ್ಕಬಹುದು. ಸಿಕ್ಕದೆಯೂ ಇರಬಹುದು. ಕಾಯಿಲ್ ಶೆಡ್ಡಿನವನು ನಾಳೆ ಬರಬೇಡ ಎಂದರೆ ಅದನ್ನೂ ಕೇಳಬೇಕು.

ಮಾವ ಹೋದ ಮೇಲೆ ಅಮ್ಮನನ್ನು ಕೇಳಿದಳು. "ನೀನೇನು ಹೇಳ್ತೀಯಮ್ಮಾ?"

ಭಾನುಮತಿ ಸೆರಗಿಗೆ ಕೈ ಒರೆಸಿಕೊಂಡಳು. ಗಂಡ ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದ್ದಳು. "ನಿಮ್ಮಪ್ಪ ಇದ್ದಿದ್ರೆ ಬೇಡ ಅಂತಿದ್ರು," ಎಂದಳು. ತೊಳೆದ ಲೋಟವನ್ನು ಬೋರಲು ಹಾಕಿ, "ಆದ್ರೆ ನಿಮ್ಮಪ್ಪ ಇಲ್ವಲ್ಲ," ಎಂದಳು. ಅದು ಹೂಂ ಎಂದದ್ದೋ ಉಹೂಂ ಎಂದದ್ದೋ ಊರ್ಮಿಳಾಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

ಶೆಡ್ಡಿನಲ್ಲಿ ಕಾಯಿಲ್ ಸುತ್ತುವುದೆಂದರೆ ತಾಮ್ರದ ಕೂದಲೆಳೆಯಂಥ ತಂತಿಯನ್ನು ಕೈಚಕ್ರ ತಿರುಗಿಸುತ್ತ ಪ್ರತಿ ಸುತ್ತನ್ನೂ ಎಣಿಸಿ ಕೂರಿಸುವುದು. ಒಂದಕ್ಕೆ ಎಂಟುನೂರು ಸುತ್ತು. ಯಂತ್ರದ ಎಣಿಕೆಯ ಮುಳ್ಳು ಕೆಟ್ಟು ಎಷ್ಟೋ ದಿನವಾಗಿತ್ತು, ಬಾಯಲ್ಲೇ ಎಣಿಸಬೇಕಿತ್ತು. ಊರ್ಮಿಳಾ ಒಳ್ಳೆ ಎಣಿಕೆಗಾರ್ತಿ. ಆ ಹದಿನೈದು ದಿನ ಮಾತ್ರ ಮುನ್ನೂರಕ್ಕೆ ಬರುವ ಹೊತ್ತಿಗೆ ಮನಸ್ಸು ತುಮಕೂರು ರಸ್ತೆಯ ಮಹಡಿ ಹತ್ತಿಬಿಡುತ್ತಿತ್ತು. ಮತ್ತೆ ಇಳಿದು ಬಂದರೆ ಮುನ್ನೂರೋ ನಾನೂರೋ ನೆನಪಿರುತ್ತಿರಲಿಲ್ಲ. ಸುತ್ತಿದ್ದೆಲ್ಲ ಬಿಚ್ಚಬೇಕು. ಬಿಚ್ಚಿದ ತಂತಿ ಮತ್ತೆ ಕೆಲಸಕ್ಕೆ ಬಾರದು. ಮೂರನೇ ಸಲ ಬಿಚ್ಚಿದಾಗ ಮೇಸ್ತ್ರಿ ಬಂದು ನಿಂತ.

"ಏನಮ್ಮಾ, ಮದುವೆ ಗೊತ್ತಾಯ್ತಾ?" ಎಂದ.

ಅವಳು ಇಲ್ಲವೆಂದಳು.

"ಮತ್ತೆ ಲೆಕ್ಕ ಯಾಕೆ ತಪ್ತಾ ಇದೆ?"

ತಲೆ ತಗ್ಗಿಸಿ ಒಂದರಿಂದ ಶುರುಮಾಡಿದಳು.

ಹತ್ತನೇ ದಿನ ಕರೆಂಟ್ ಹೋಗಿ, ಕೂದಲೆಳೆಯ ತಂತಿ ಕಾಣದಂತೆ ಶೆಡ್ಡು ಕತ್ತಲಾಯಿತು. ಶೆಡ್ಡಿನಿಂದ ಎಲ್ಲರನ್ನೂ ಮಧ್ಯಾಹ್ನಕ್ಕೇ ಕಳಿಸಿದರು. ಮನೆಗೆ ಹೋಗಲು ಮನಸ್ಸಾಗದೆ ಊರ್ಮಿಳಾ ಹಳೇ ಊರಿನ ಕಡೆ ನಡೆದಳು. ಲಗ್ಗೆರೆಯ ಹೊಸ ಸೈಟುಗಳ ಹಿಂದೆ ಹಳೇ ಊರು ಇನ್ನೂ ಹಾಗೇ ಇತ್ತು, ಹೆಂಚಿನ ಮನೆಗಳು, ಬಾಗಿಲಲ್ಲಿ ಎಮ್ಮೆ. ಮುನಿಯಣ್ಣನ ಮನೆ ಅಲ್ಲೇ. ಅವನು ಜಗಲಿಯ ಮೇಲೆ ಕೂತು ದಂಟಿನ ಸೊಪ್ಪನ್ನು ಕಟ್ಟು ಕಟ್ಟುತ್ತಿದ್ದ. ಅವಳನ್ನು ಕಂಡ ಕೂಡಲೇ ಎದ್ದು ನಿಂತ.

"ಬನ್ನಿ ಅಮ್ಮಣ್ಣಿ. ಅಮ್ಮಾರು ಚೆಂದಾಗವ್ರಾ?"

"ಇದಾರೆ. ನೀವು ಕೂತ್ಕೊಳಿ ಮುನಿಯಣ್ಣ, ಒಂದು ಮಾತು ಕೇಳ್ಬೇಕಿತ್ತು."

ಹುಟ್ಟಿದಾಗಿನಿಂದ ಅಪ್ಪನನ್ನು ನೋಡಿ ಅವಳೂ ಅವನನ್ನು ನೀನು ಎಂದೇ ಕರೆದಿದ್ದಳು. ಇವತ್ತು ಬಾಯಿಗೆ ಹಾಗೆ ಬರಲಿಲ್ಲ. ಮುನಿಯಣ್ಣನಿಗೆ ಮುಜುಗರವಾಯಿತು.

"ನಿಮ್ಮಪ್ಪಾರ ಮುಂದೆ ಯಾವತ್ತೂ ಕುಂತಿಲ್ಲ. ಈಗ ನಿಮ್ಮುಂದೆ ಎಂಗೆ ಕುಂತ್ಕಳ್ಳಲಿ?"

"ಕೂತ್ಕೊಳಿ ಪರವಾಗಿಲ್ಲ. ನಿಮ್ಮ ಸ್ಟೂಲ್ ಮೇಲೆ ನಾನು ಕೂರೋ ಹಾಗಿದೆ," ಎಂದು ಕಾಗದದ ವಿಷಯ ಹೇಳಿದಳು.

ಮುನಿಯಣ್ಣ ನಿಧಾನಕ್ಕೆ ಕೂತ. ಸೊಪ್ಪಿನ ಕಟ್ಟನ್ನು ಪಕ್ಕಕ್ಕೆ ಸರಿಸಿದ. ಹೆಂಡತಿಯನ್ನು ಕೂಗಿ ಮಜ್ಜಿಗೆ ತರಲು ಹೇಳಿದ. ಆಮೇಲೆ ಅವಳು ಕೇಳಿದ್ದಕ್ಕೆ ಒಂದೊಂದಾಗಿ ಉತ್ತರ ಕೊಟ್ಟ. ಒಂಬತ್ತೂವರೆಗೆ ಹೋಗಿ ಬೀಗ ತೆಗೆಯಬೇಕು. ಮೇಜು ಒರೆಸಿ ಹೂಜಿಗೆ ನೀರು ತುಂಬಬೇಕು. ಹನ್ನೊಂದಕ್ಕೆ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ. ಮಿಕ್ಕ ಹೊತ್ತು ಬಾಗಿಲ ಹತ್ತಿರ ಸ್ಟೂಲು, ಗಂಟೆ ಆದರೆ ಎದ್ದು ಹೋಗುವುದು.

"ಕೆಲ್ಸ ಏನ್ ಕಷ್ಟ ಇಲ್ಲ ಅಮ್ಮಣ್ಣಿ. ಕಾಲು ನೋವು ಬತ್ತದೆ, ಅಷ್ಟೇಯ. ನೀವು ಓದಿರೋರು. ಆರೇಳು ವರ್ಸಕ್ಕೆ ಪ್ರಮೋಸನ್ ಕೊಟ್ಟು ಗುಮಾಸ್ತರ ಮಾಡ್ತಾರಂತೆ. ಮಾಡ್ತಾರಂತೆ ಅಂತ ಕೇಳಿವ್ನಿ, ಮಾಡಿದ್ದ ಕಂಡಿಲ್ಲ. ಸುಳ್ಯಾಕೆ ಏಳ್ಳಿ."

"ಆಫೀಸಿನಲ್ಲಿ ಅವರೆಲ್ಲ ಗಂಟೆ ಬಾರಿಸಿ ಕರೆದಾಗ ನಿಮಗೆ ನಾಚಿಕೆ ಆಗ್ತಿರ್ಲಿಲ್ವಾ?"

ಕೇಳಿದ ಮೇಲೆ ಊರ್ಮಿಳಾಗೆ ತಾನು ಏನು ಕೇಳಿದೆ ಎಂದು ತಿಳಿಯಿತು. ಮುನಿಯಣ್ಣ ಸಿಟ್ಟಾಗಲಿಲ್ಲ. ಅವಳನ್ನೇ ನೋಡಿದ.

"ನಾಚ್ಕೆ ಯಾಕವ್ವಾ? ನಾನೇನ್ ಕಳ್ತನ ಮಾಡಿದ್ನಾ? ಆ ಸ್ಟೂಲ್ ಮೇಲೆ ಕುಂತೇ ಮೂರು ಎಣ್ಮಕ್ಕಳ ಮದ್ವೆ ಮಾಡಿವ್ನಿ."

ಅವಳ ಮುಖ ಕೆಂಪಾಯಿತು. ಇಷ್ಟು ದಿನ ಅವಳು ಹೆದರಿದ್ದದ್ದು ಈ ಮನುಷ್ಯನಂತೆ ಆಗಬೇಕಲ್ಲ ಎಂದು. ಅದನ್ನು ಈ ಮನುಷ್ಯನ ಜಗಲಿಯ ಮೇಲೆಯೇ ಕೂತು, ಅವನ ಮನೆಯ ಮಜ್ಜಿಗೆ ಕುಡಿಯುತ್ತ, ಅವನಿಗೇ ಹೇಳಿಬಿಟ್ಟಂತಾಗಿತ್ತು. ಏಳಲು ಹೊರಟಾಗ ಮುನಿಯಣ್ಣ ಒಂದು ಕಟ್ಟು ಸೊಪ್ಪನ್ನು ಅವಳ ಕೈಗಿಟ್ಟ.

"ಒಂದು ಮಾತು ಏಳ್ತೀನಿ, ತಪ್ಪು ತಿಳ್ಕಬ್ಯಾಡಿ. ಆ ಸೆಕ್ಸನ್ನಾಗೆ ಬರಿಯೋರು ಏಳು ಜನ ಅವ್ರೆ. ಎತ್ಕೊಂಡು ಓಗೋನು ಒಬ್ನೇಯ. ಅವ್ನಿಲ್ದೆ ಇದ್ರೆ ಬರ್ದಿದ್ದೆಲ್ಲ ಬರ್ದಂಗೇ ಇರ್ತದೆ."

ರಿಟೈರ್ ಆದ ಮುದುಕನ ಜಂಬ ಎಂದುಕೊಂಡಳು ಊರ್ಮಿಳಾ. ಸೊಪ್ಪು ಹಿಡಿದುಕೊಂಡು ಮನೆಗೆ ಬಂದಳು. ನಾಚಿಕೆ ಕಡಿಮೆಯಾಗಿತ್ತು, ಗೊಂದಲ ಕಡಿಮೆಯಾಗಿರಲಿಲ್ಲ. ನಾಚಿಕೆಪಡಬೇಕಾದ ಕೆಲಸವಲ್ಲ ಸರಿ, ಆದರೆ ಅಪ್ಪನ ಕುರ್ಚಿಯನ್ನು ಯಾಕೆ ಬಿಟ್ಟುಕೊಡಬೇಕು? ಅದು ಖಾಲಿಯಿದೆ ಎಂದು ಅವರೇ ಹೇಳಿದ್ದರಲ್ಲ.

ಹದಿನಾಲ್ಕನೇ ದಿನ ಸಂಜೆ ತಾನು ಕಲಿತ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಎರಡು ಕಾಗದ ಟೈಪ್ ಮಾಡಿದಳು. ಒಂದರಲ್ಲಿ, ಜವಾನರ ಹುದ್ದೆಗೆ ನನ್ನ ಒಪ್ಪಿಗೆಯಿದೆ. ಇನ್ನೊಂದರಲ್ಲಿ, ನನ್ನ ಹೆಸರನ್ನು ಗುಮಾಸ್ತರ ಕಾಯುವ ಪಟ್ಟಿಗೆ ಸೇರಿಸಬೇಕಾಗಿ ಪ್ರಾರ್ಥನೆ. ಎರಡರಲ್ಲೂ ಒಂದು ಅಕ್ಷರವೂ ತಪ್ಪಿರಲಿಲ್ಲ. ಇಷ್ಟು ಚೆನ್ನಾಗಿ ಟೈಪ್ ಮಾಡುವವಳು ಮೇಜು ಒರೆಸಬೇಕೇ ಎಂದು ಮತ್ತೆ ಹೊಟ್ಟೆ ಉರಿಯಿತು. ಎರಡಕ್ಕೂ ಸಹಿ ಹಾಕಿ, ಎರಡನ್ನೂ ಬ್ಯಾಗಿನಲ್ಲಿಟ್ಟುಕೊಂಡಳು.

ಹದಿನೈದನೇ ದಿನ, ಕೊನೆಯ ದಿನ, ಮಧ್ಯಾಹ್ನ ಎರಡೂವರೆಗೆ ಆಫೀಸಿನ ಮೆಟ್ಟಿಲು ಹತ್ತಿದಳು. ಬೆಳಗ್ಗೆಯೇ ಹೊರಟವಳು ಎರಡು ಸಲ ಬಸ್ ಸ್ಟಾಪಿನಿಂದ ವಾಪಸ್ಸು ಹೋಗಿದ್ದಳು. ಬಾಗಿಲ ಪಕ್ಕದಲ್ಲಿ ಸ್ಟೂಲು ಇತ್ತು. ಅದರ ಮೇಲೆ ಯಾರೋ ಹಳೇ ರಿಜಿಸ್ಟರುಗಳನ್ನು ಪೇರಿಸಿದ್ದರು.

ರಾಮಾಂಜಿನಪ್ಪನವರು ಅವಳನ್ನು ಕಂಡು ಎದ್ದು ನಿಂತು ಕುರ್ಚಿ ತೋರಿಸಿದರು. "ಬನ್ನಿ ತಾಯಿ, ಕೂತ್ಕೊಳಿ. ಅಮ್ಮ ಹೇಗಿದಾರೆ? ಕಾಫಿ ತರ್ಸೋಣ ಅಂದ್ರೆ ನೋಡಿ, ಪ್ಯೂನೇ ಇಲ್ಲ ನಮಗೆ." ಹಾಗೆಂದವರು ತಾವು ಹೇಳಿದ್ದು ಯಾರ ಮುಂದೆ ಎಂದು ನೆನಪಾಗಿ ಕೆಮ್ಮಿದರು.

ಅವಳು ಬ್ಯಾಗಿಗೆ ಕೈ ಹಾಕಿದಳು. ಯಾವ ಕಾಗದ ಬೆರಳಿಗೆ ಸಿಕ್ಕಿತೋ ತಿಳಿಯಲಿಲ್ಲ. "ಸಾರ್, ಕ್ಲಾರ್ಕ್ ಪೋಸ್ಟು ಯಾಕೆ ಆಗ್ಲಿಲ್ಲ? ಅಪ್ಪನ ಜಾಗ ಖಾಲಿ ಇತ್ತಲ್ಲ."

"ಅದೆಲ್ಲ ದಾಸಪ್ಪ ಹೇಳ್ತಾರೆ, ಫೈಲು ಅವರ ಹತ್ರ ಇದೆ. ನೀವು ಏನೇ ಕೊಡೋದಿದ್ರೂ ನನ್ನ ಕೈಗೆ ಕೊಟ್ರೆ ಆಗಲ್ಲ ತಾಯಿ, ಫೈಲಲ್ಲಿ ಬರ್ಬೇಕು. ಅವರಿಗೆ ಕೊಡಿ, ಹಾಕಿ ಕಳಿಸ್ತಾರೆ. ಸ್ವಲ್ಪ ಬೇಗ, ಮೂರೂವರೆಗೆ ನಾನು ಮೀಟಿಂಗಿಗೆ ಹೋಗ್ಬೇಕು."

ದಾಸಪ್ಪ ಈಗ ಅಪ್ಪನ ಮೇಜಿನಲ್ಲಿ ಕೂರುತ್ತಿದ್ದರು. ಅಪ್ಪನ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಹದಿಮೂರನೆಯ ದಿನ ಬಡಿಸುವುದಕ್ಕೆ ನಿಂತವರು. ಅವಳಿಗೆ ಫೈಲನ್ನು ಬಿಚ್ಚಿಯೇ ತೋರಿಸಿದರು.

"ನೋಡಮ್ಮ, ನನ್ನ ಕಡೆಯಿಂದ ಏನೂ ತಡ ಮಾಡಿಲ್ಲ. ನಿಮ್ಮಪ್ಪನ ಜಾಗಕ್ಕೇ ನಿನ್ನನ್ನ ತಗೋಬಹುದು ಅಂತ ಎಷ್ಟು ಗಟ್ಟಿಯಾಗಿ ಬರೆದಿದೀನಿ ನೋಡು. ಫೆಬ್ರವರಿ ಒಂಬತ್ತು."

ದಾಸಪ್ಪನವರ ಅಕ್ಷರ ದುಂಡಗಿತ್ತು. ಅದರ ಕೆಳಗೆ ರಾಮಾಂಜಿನಪ್ಪನವರ ಸಹಿ. ಸಹಿಯ ಕೆಳಗೆ ತಾರೀಖು, ಜೂನ್ ಹದಿನಾಲ್ಕು.

"ಮಾರ್ಚ್ ಕೊನೆಯೊಳಗೆ ದೊಡ್ಡ ಆಫೀಸಿಗೆ ಹೋಗಿದ್ರೆ ಕಣ್ಮುಚ್ಚಿಕೊಂಡು ಆಗ್ತಿತ್ತು," ಎಂದರು ದಾಸಪ್ಪ. "ಏಪ್ರಿಲ್ ಒಂದಕ್ಕೆ ಆರ್ಡರ್ ಬಂದ್ಬಿಡ್ತು, ಹೊಸದಾಗಿ ಕ್ಲಾರ್ಕ್‌ಗಳನ್ನ ತಗೋಬೇಡಿ ಅಂತ. ನಮ್ಮ ದುರದೃಷ್ಟ."

"ಫೆಬ್ರವರಿಯಿಂದ ಜೂನ್ ತನಕ ಇದು ಎಲ್ಲಿತ್ತು ಸಾರ್?"

"ಎಲ್ಲೂ ಹೋಗಿರ್ಲಿಲ್ಲಮ್ಮ. ಇಲ್ಲೇ ಇತ್ತು." ದಾಸಪ್ಪ ಎಡಗಡೆಯ ಟ್ರೇಯನ್ನು ಮೆಲ್ಲಗೆ ತಟ್ಟಿದರು. "ಮುನಿಯಣ್ಣ ರಿಟೈರ್ ಆದ್ನಲ್ಲ. ಪಕ್ಕದ ಸೆಕ್ಷನ್ನಿನ ವೆಂಕಟಪ್ಪ ಬಂದಾಗ ಎತ್ಕೊಂಡು ಹೋಗ್ಬೇಕು. ಅವನಿಗೂ ಅವನ ಕೆಲಸ ಇರುತ್ತೆ, ಪಾಪ. ಜೂನ್‌ನಲ್ಲಿ ಒಂದ್ಸಲ ಬಂದು ಎಲ್ಲಾನೂ ಎತ್ಕೊಂಡು ಹೋದ."

ಊರ್ಮಿಳಾ ಟ್ರೇಯನ್ನು ನೋಡಿದಳು. ಅಲ್ಲಿಂದ ರಾಮಾಂಜಿನಪ್ಪನವರ ಮೇಜನ್ನು ನೋಡಿದಳು. ಅವರ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿಯ ಮೇಲಿನ ಅಕ್ಷರ ಇಲ್ಲಿಂದಲೇ ಓದಬಹುದಿತ್ತು.

ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಮೊದಲು ದಾಸಪ್ಪನವರ ಮೇಲೆ ಬಂತು. ಆಮೇಲೆ ನಾಲ್ಕು ತಿಂಗಳು ಕೂತಲ್ಲಿಂದಲೇ ಈ ಟ್ರೇಯನ್ನು ನೋಡಿಕೊಂಡಿದ್ದ ರಾಮಾಂಜಿನಪ್ಪನವರ ಮೇಲೆ. ಆಮೇಲೆ, ಎಷ್ಟು ತಡೆದರೂ ನಿಲ್ಲದೆ, ಅಪ್ಪನ ಮೇಲೆ. ಅಪ್ಪ ಬದುಕಿದ್ದು, ಇನ್ನಾರದೋ ಮಗಳ ಫೈಲು ಈ ಮೇಜಿಗೆ ಬಂದಿದ್ದರೆ, ಅಪ್ಪನೂ ಹೀಗೆಯೇ ಗಟ್ಟಿಯಾಗಿ ಬರೆದು, ಹೀಗೆಯೇ ಟ್ರೇಯಲ್ಲಿಟ್ಟು, ಗಂಟೆ ಬಾರಿಸಿ ಸುಮ್ಮನೆ ಕೂರುತ್ತಿದ್ದರು. ಮನೆಗೆ ಬಂದು ಎರಡೂ ದನಿಗಳಲ್ಲಿ ಹೇಳುತ್ತಿದ್ದರು. ತಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಬ್ಯಾಗಿನಿಂದ ಎರಡೂ ಕಾಗದಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಾಯುವ ಪಟ್ಟಿಯ ಕಾಗದವನ್ನು ಕೊಟ್ಟರೆ ಅದು ಎಲ್ಲಿ ಕಾಯುತ್ತದೆ ಎಂದು ಈಗ ಅವಳ ಕಣ್ಣೆದುರಿಗೇ ಇತ್ತು. ಹದಿನಾಲ್ಕು ದಿನ ಅತ್ತ ಇತ್ತ ಎಳೆದಾಡಿದ್ದ ಮನಸ್ಸು ಒಂದು ಕಡೆ ನಿಂತಿತು. ಸಂತೋಷದಿಂದ ನಿಂತದ್ದಲ್ಲ. ಒಪ್ಪಿಗೆಯ ಕಾಗದವನ್ನು ದಾಸಪ್ಪನವರಿಗೆ ಕೊಟ್ಟಳು.

"ಒಳ್ಳೇದಾಯ್ತು ಬಿಡಮ್ಮ," ಎಂದು ದಾಸಪ್ಪ ಅದನ್ನು ಫೈಲಿಗೆ ಸೇರಿಸಿದರು. ನಿಧಾನವಾಗಿ ಎರಡು ಸಾಲು ಟಿಪ್ಪಣಿ ಬರೆದರು, ಸಹಿ ಹಾಕಿದರು, ದಾರ ಕಟ್ಟಿದರು, ಟ್ರೇಯಲ್ಲಿಟ್ಟು ಗಂಟೆ ಬಾರಿಸಿದರು. ಯಾರೂ ಬರಲಿಲ್ಲ. ಮತ್ತೆ ಬಾರಿಸಿದರು. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ನಾಲ್ಕು ಹೆಜ್ಜೆ ಆಚೆ ರಾಮಾಂಜಿನಪ್ಪನವರು ಮೀಟಿಂಗಿನ ಕಾಗದಗಳ ಮೇಲೆ ಬಗ್ಗಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು.

"ವೆಂಕಟಪ್ಪ ಟಪಾಲಿಗೆ ಹೋಗಿರ್ಬೇಕು," ಎಂದರು ದಾಸಪ್ಪ. "ನಾಳೆ ಕಳಿಸ್ತೀನಿ ಬಿಡಮ್ಮ, ನೀನು ಯೋಚನೆ ಮಾಡ್ಬೇಡ."

"ಇವತ್ತೇ ಕೊನೇ ದಿನ ಸಾರ್."

"ಹೌದಲ್ವಾ," ಎಂದು ದಾಸಪ್ಪ ನಿಜವಾಗಿಯೂ ಗಾಬರಿಯಾಗಿ ಇನ್ನೊಮ್ಮೆ ಗಂಟೆ ಬಾರಿಸಿದರು.

ಊರ್ಮಿಳಾ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಟ್ರೇಯಲ್ಲಿ ಅವಳ ಫೈಲಿನ ಕೆಳಗೆ ಇನ್ನೂ ಎಷ್ಟೋ ಇದ್ದವು. ಯಾರದೋ ಪಿಂಚಣಿ, ಯಾರದೋ ವರ್ಗಾವಣೆ, ಅಂಚು ಮುದುರಿ ಧೂಳು ಹಿಡಿದಂಥವು. ತೋಳಿಗೆ ಸಿಕ್ಕಷ್ಟನ್ನು ಬಾಚಿ ಎದೆಗೆ ಒತ್ತಿಕೊಂಡು, ತನ್ನದನ್ನು ಎಲ್ಲದರ ಮೇಲಿಟ್ಟು ನಡೆದಳು. ಹಜಾರದಲ್ಲಿ ಬರೆಯುತ್ತಿದ್ದ ಪೆನ್ನುಗಳೆಲ್ಲ ನಿಂತವು.

ರಾಮಾಂಜಿನಪ್ಪನವರು ತಲೆ ಎತ್ತಲಿಲ್ಲ. ಫೈಲು ಬಂತೆಂದು ಗೊತ್ತಾಗಿ ಪೆನ್ನಿನ ತುದಿಯಿಂದ ಮೇಜಿನ ಮೂಲೆ ತೋರಿಸಿದರು. ಊರ್ಮಿಳಾ ಅಲ್ಲಿಟ್ಟಳು. ಬಳೆಯ ಸದ್ದಿಗೋ ಏನೋ ಆಗ ನೋಡಿದರು. ಮುಕ್ಕಾಲು ಗಂಟೆಯ ಹಿಂದೆ ಎದ್ದು ನಿಂತು ಕುರ್ಚಿ ತೋರಿಸಿದ ಮನುಷ್ಯನಿಗೆ ಈಗ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ.

"ಮೇಲಿರೋದು ನಂದು ಸಾರ್, ಇವತ್ತೇ ಸೈನ್ ಆಗ್ಬೇಕು," ಎಂದಳು. "ಮಿಕ್ಕವು ಜೂನ್‌ನಿಂದ ಕಾಯ್ತಾ ಇವೆ. ಇನ್ನೂ ಇಷ್ಟೇ ಇವೆ ಅಲ್ಲಿ. ತರ್ತೀನಿ."

ಹೇಳಿ ತಿರುಗಿ ನಾಲ್ಕು ಹೆಜ್ಜೆ ನಡೆದಳು. ದಾಸಪ್ಪನವರ ಕೈ ಇನ್ನೂ ಗಂಟೆಯ ಮೇಲೆಯೇ ಇತ್ತು.